ಟ್ರ್ಯಾಕ್ಟರ್ ಬಂತು, ಮುದಿ ಎತ್ತುಗಳನ್ನು ಏನು ಮಾಡೋಣ?

ಪ್ರಶ್ನೆ: ಡಾಕ್ಟರ್ ಸಾಹೇಬರೇ, ನಮ್ಮದು ಬಸವನಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ನಾನು ಬೆಳಗಾವಿಯಲ್ಲಿ ನೌಕರಿಯಲ್ಲಿದ್ದೇನೆ. ಊರಲ್ಲಿ ಅಪ್ಪ, ಅವ್ವ, ಅಣ್ಣ, ವೈನಿ ಒಕ್ಕಲುತನ ನೋಡಿಕೊಳ್ಳುತ್ತಾರೆ. ಮನೆಯಲ್ಲಿ ಒಂದು ಜೋಡಿ ಖಿಲಾರಿ ಎತ್ತು ಇವೆ, ಸರ್ಜಾ ಮತ್ತು ರಾಜಾ. ಹಾಲುಹಲ್ಲಿನ ಹೋರಿಕರುಗಳಾಗಿದ್ದಾಗ ಅಪ್ಪ ತೊರವಿ ಜಾತ್ರೆಯಿಂದ ತಂದವು. ಈಗ ಅವುಗಳಿಗೆ ಹದಿಮೂರು ವರ್ಷದ ಮೇಲಾಗಿದೆ. ಅಣ್ಣ ಟ್ರ್ಯಾಕ್ಟರ್ ತಂದ ಮೇಲೆ ಎಡೆ ಹೊಡೆಯುವುದು, ಅಂದರೆ ಬೆಳೆಯ ಸಾಲಿನ ನಡುವೆ ಕಳೆ ತೆಗೆಯುವುದು, ಬಿಟ್ಟರೆ ಅವುಗಳಿಗೆ ಕೆಲಸವಿಲ್ಲ. ಸರ್ಜಾ ಬೆಳಗ್ಗೆ ಎದ್ದಾಗ ಬಲಗಡೆಯ ಹಿಂಗಾಲು ಹಿಂದಕ್ಕೆ ಸೆಟೆಯುತ್ತದೆ. ನಾಲ್ಕು ಹೆಜ್ಜೆ ಎಳೆದುಕೊಂಡು ನಡೆಯುತ್ತಾನೆ, ಆಮೇಲೆ ಸರಿಹೋಗುತ್ತದೆ. ವಯಸ್ಸಾಯ್ತು ಅಂತ ಎಲ್ಲರೂ ಅನ್ನುತ್ತಾರೆ. ಬರೆ ಹಾಕಿಸಿ ಅಂತ ಊರಿನ ಹಿರಿಯರೊಬ್ಬರು ಹೇಳಿದ್ದಾರೆ. ರಾಜಾ ಗಟ್ಟಿಮುಟ್ಟಾಗಿದ್ದಾನೆ. ಆಗಾಗ ತಲೆ ಕೊಡವುತ್ತಾನೆ, ಒಂದು ಹೊಳ್ಳೆಯಿಂದ ಎರಡು ಸಲ ರಕ್ತದ ಹನಿ ಬಿದ್ದಿತ್ತು, ಅಷ್ಟೇ.

ಅಣ್ಣ ಮಾರೋಣ ಅನ್ನುತ್ತಾನೆ. "ದಲ್ಲಾಳಿ ಸಣ್ಣ ರೈತರಿಗೇ ಕೊಡ್ತಾನಂತ" ಎಂಬುದು ಅವನ ಮಾತು. ಕಾಕಾ ದೇವರಿಗೆ ಬಿಟ್ಟುಬಿಡಿ ಅನ್ನುತ್ತಾರೆ. ಅಪ್ಪ ಮಾತ್ರ "ಅವು ದುಡದಾವ, ನಾವು ಉಂಡೇವಿ. ಮಾರಿದ ರೊಕ್ಕದಾಗ ನಾ ಉಣ್ಣಾಂಗಿಲ್ಲ" ಅಂತ ಎರಡು ದಿನ ಊಟ ಬಿಟ್ಟು ಕೂತಿದ್ದರು. ದುಡಿಯದ ಎತ್ತನ್ನು ಮಾರುವುದು ತಪ್ಪಾ? ನಾವು ಕುರಿ, ಕೋಳಿ ತಿನ್ನುವ ಮನೆಯವರು. ಎತ್ತಿಗೆ ಮಾತ್ರ ಯಾಕೆ ಇಷ್ಟು ಮರುಕ ಅಂತ ಅಣ್ಣ ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ದಾರಿ ತೋರಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವಿಷಯ ಕೂಡಿಕೊಂಡಿವೆ. ಒಂದು, ದುಡಿದು ದಣಿದ ಎತ್ತಿಗೆ ಮನೆಯವರು ಏನು ಋಣ ಇಟ್ಟುಕೊಂಡಿದ್ದಾರೆ ಎಂಬುದು. ಇನ್ನೊಂದು, ಆ ಎತ್ತುಗಳ ಮೈಯಲ್ಲಿ ಈಗ ಏನಾಗುತ್ತಿದೆ ಎಂಬುದು. ನೀವು ಮೊದಲನೆಯದಕ್ಕೆ ಉತ್ತರ ಕೇಳಿದ್ದೀರಿ. ನಾನು ಎರಡನೆಯದರಿಂದ ಶುರು ಮಾಡುತ್ತೇನೆ. ಕಾಯಿಲೆಯನ್ನು ವಯಸ್ಸು ಅಂದುಕೊಂಡು ತೀರ್ಮಾನ ಮಾಡಿದರೆ ಆ ತೀರ್ಮಾನ ಎಷ್ಟೇ ಒಳ್ಳೆ ಮನಸ್ಸಿನಿಂದ ಬಂದಿದ್ದರೂ ಎತ್ತಿಗೆ ಅನ್ಯಾಯವಾಗುತ್ತದೆ.

ನಿಮಗೆ ಸರ್ಜಾನ ಕಾಲಿನ ಚಿಂತೆ. ನನಗೆ ಚಿಂತೆ ಹತ್ತಿದ್ದು ರಾಜಾನದು. "ಅಷ್ಟೇ" ಅಂತ ನೀವು ಬರೆದ ಆ ಎರಡು ಮಾತು, ತಲೆ ಕೊಡವುವುದು ಮತ್ತು ಒಂದೇ ಹೊಳ್ಳೆಯಿಂದ ರಕ್ತ, ನಮ್ಮ ಕಡೆಯ ಪಶುವೈದ್ಯರು ಕೇಳಿದ ಕೂಡಲೇ ಕೋಡಿನ ಕಡೆ ಕೈ ಹಾಕುತ್ತಾರೆ. ಕೋಡಿನ ಕ್ಯಾನ್ಸರ್ ಎಂಬ ರೋಗ ಇದೆ. ಬೇರೆ ದೇಶಗಳಲ್ಲಿ ಇದು ಅಪರೂಪ, ನಮ್ಮಲ್ಲಿ ಹಾಗಲ್ಲ. ಹಸುಗಳಿಗಿಂತ ಬೀಜ ಒಡೆದ ಎತ್ತುಗಳಲ್ಲಿ ಜಾಸ್ತಿ. ಬಿಳಿ ಮೈಯ, ಉದ್ದ ಕೋಡಿನ ತಳಿಗಳಲ್ಲಿ ಇನ್ನೂ ಜಾಸ್ತಿ. ಖಿಲಾರಿ ಅಂದರೆ ಅದೇ ತಾನೇ, ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದ ಕೋಡು. ವರ್ಷಗಟ್ಟಲೆ ನೊಗ, ಹಗ್ಗ ತಾಗಿ ಕೋಡಿನ ಬುಡ ಉಜ್ಜುವುದು ಇದಕ್ಕೆ ಒಂದು ಕಾರಣ ಇರಬಹುದು ಎಂಬ ಶಂಕೆ ಇದೆ.

ಕೋಡು ಒಳಗೆ ಗಟ್ಟಿ ಅಲ್ಲ, ಟೊಳ್ಳು. ಆ ಟೊಳ್ಳು ಹಣೆಯ ಪೊಳ್ಳಿನ ಮೂಲಕ ಮೂಗಿಗೆ ಸೇರುತ್ತದೆ. ಅದಕ್ಕೇ ಕೋಡಿನೊಳಗೆ ಹುಣ್ಣಾದರೆ ಆ ಮಗ್ಗುಲಿನ ಹೊಳ್ಳೆಯಲ್ಲಿ ರಕ್ತ ಕಾಣಿಸುತ್ತದೆ. ಮೊದಮೊದಲು ಎತ್ತು ತಲೆ ಕೊಡವುತ್ತದೆ, ಕೋಡನ್ನು ಗೂಟಕ್ಕೋ ಗೋಡೆಗೋ ಉಜ್ಜುತ್ತದೆ. ಆಮೇಲೆ ಬುಡ ಮಿದುವಾಗಿ ಕೋಡು ಒಂದು ಕಡೆ ವಾಲುತ್ತದೆ. ಕೊನೆಗೆ ಕೋಡು ಕಳಚಿ ಬಿದ್ದು ಆ ಜಾಗದಲ್ಲಿ ಹೂಕೋಸಿನಂಥ ಗಡ್ಡೆ, ಅದರೊಳಗೆ ಹುಳ. ಆ ಹಂತದಲ್ಲಿ ಕೊಟ್ಟಿಗೆಯ ಬಾಗಿಲಲ್ಲೇ ವಾಸನೆ ಬರುತ್ತದೆ, ಎತ್ತು ತಲೆ ಕೆಳಗೆ ಹಾಕಿ ಮೇವು ಮುಟ್ಟದೆ ನಿಂತಿರುತ್ತದೆ. ನೋಡಲು ಆಗುವುದಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಹೊಳ್ಳೆಯಿಂದ ರಕ್ತ ಬರಲು ಬೇರೆ ಕಾರಣಗಳೂ ಇವೆ. ಕೆರೆ, ಕಾಲುವೆ ನೀರು ಕುಡಿಯುವಾಗ ಜಿಗಣೆ ಒಳಗೆ ಸೇರಿರಬಹುದು. ಮೂಗುದಾಣ ಹಳೆಯದಾಗಿ ಕೊಯ್ದಿರಬಹುದು. ನಿಮ್ಮ ಅಣ್ಣನಿಗೆ ಹೇಳಿ, ಎರಡೂ ಕೋಡಿನ ಬುಡಕ್ಕೆ ಅಂಗೈ ಇಟ್ಟು ನೋಡಲಿ. ಒಂದು ಬುಡ ಇನ್ನೊಂದಕ್ಕಿಂತ ಬಿಸಿ ಇದೆಯಾ? ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿದರೆ ಒಂದು ಕಡೆ ಮಾತ್ರ ತಲೆ ಹಿಂದೆಳೆದುಕೊಳ್ಳುತ್ತದೆಯಾ? ಎರಡೂ ಕಡೆ ಸದ್ದು ಬೇರೆ ಬೇರೆ ಕೇಳುತ್ತದೆಯಾ? ಹೌದಾದರೆ ವಾರ ಕಾಯಬೇಡಿ. ಬೇಗ ಸಿಕ್ಕರೆ ಕಣ್ಣು ಮತ್ತು ಕೋಡಿನ ನಡುವಿನ ನರಕ್ಕೆ ಮರವಟ್ಟಿನ ಸೂಜಿ ಕೊಟ್ಟು ಕೋಡನ್ನು ಬುಡಸಮೇತ ತೆಗೆದು, ಚರ್ಮ ಮುಚ್ಚಿ ಹೊಲಿಯುತ್ತಾರೆ. ಹಾಗೆ ಒಂಟಿ ಕೋಡಿನಲ್ಲಿ ವರ್ಷಗಟ್ಟಲೆ ಆರಾಮಾಗಿ ಬದುಕಿದ ಎತ್ತುಗಳನ್ನು ನಾನು ನೋಡಿದ್ದೇನೆ. ರೋಗ ತಿರುಗಿ ಬರುವ ಅಪಾಯ ಇದ್ದೇ ಇದೆ. ಹಣೆಯೊಳಗೆ ಹರಡಿದ ಮೇಲೆ ಮಾಡಿದರೆ ಪ್ರಯೋಜನ ಕಡಿಮೆ. ಅಂದ ಕೆಡುತ್ತದೆ ಅಂತ ಕೋಡು ತೆಗೆಸಲು ಒಪ್ಪದವರೂ ಇದ್ದಾರೆ. ದಯವಿಟ್ಟು ಆ ಮಾತಿಗೆ ಕಿವಿ ಕೊಡಬೇಡಿ.

ಇನ್ನು ಸರ್ಜಾ. ನೀವು ಬರೆದ ಲಕ್ಷಣ ತುಂಬ ಸ್ಪಷ್ಟವಾಗಿದೆ. ಎದ್ದ ಕೂಡಲೇ ಹಿಂಗಾಲು ಹಿಂದಕ್ಕೆ ಸೆಟೆಯುವುದು, ಗೊರಸಿನ ತುದಿ ನೆಲ ಕೆರೆಯುವುದು, ಆಮೇಲೆ ಝಾಡಿಸಿದಂತೆ ಕಾಲು ಮುಂದೆ ಬರುವುದು, ನಡೆಯುತ್ತ ನಡೆಯುತ್ತ ಕಡಿಮೆಯಾಗುವುದು. ಇದು ಬಹುಪಾಲು ಮೊಣಕಾಲ ಚಿಪ್ಪು ಸಿಕ್ಕಿಕೊಳ್ಳುವ ತೊಂದರೆ. ಚಿಪ್ಪನ್ನು ಹಿಡಿದಿರುವ ಮೂರು ಕಟ್ಟುಗಳಲ್ಲಿ ಒಳಬದಿಯ ಕಟ್ಟು ತೊಡೆ ಎಲುಬಿನ ದಿಣ್ಣೆಯ ಮೇಲೆ ಹತ್ತಿ ಕೂತುಬಿಡುತ್ತದೆ. ಬಾಗಿಲಿಗೆ ಚಿಲಕ ಬಿದ್ದ ಹಾಗೆ. ಚಿಲಕ ಸರಿಯುವ ತನಕ ಕಾಲು ಮಡಚಲು ಬರುವುದಿಲ್ಲ. ಎತ್ತು ಸೊರಗಿ ಕೊಬ್ಬು ಕರಗಿದಾಗ ಇದು ಹೆಚ್ಚುತ್ತದೆ. ಕೆಲಸ ನಿಂತ ಮೇಲೆ ಹಿಂಡಿ, ಕಾಳು ನಿಲ್ಲಿಸಿದ್ದೀರಾ ಅಂತ ನಿಮ್ಮ ವೈನಿಯವರನ್ನು ಕೇಳಿ. ನಿಲ್ಲಿಸಿದ್ದರೆ ಅದೂ ಒಂದು ಕಾರಣ ಆಗಿರಬಹುದು.

ಇದಕ್ಕೆ ಇಲಾಜು ಇದೆ. ಮರವಟ್ಟು ಕೊಟ್ಟು, ಸಣ್ಣ ಗಾಯ ಮಾಡಿ, ಆ ಒಳಬದಿಯ ಕಟ್ಟನ್ನು ಕತ್ತರಿಸುತ್ತಾರೆ. ಕೆಲವೇ ನಿಮಿಷದ ಕೆಲಸ. ಹೆಚ್ಚಿನ ಎತ್ತುಗಳು ಅಲ್ಲೇ ನೆಟ್ಟಗೆ ನಡೆಯುತ್ತವೆ. ಎರಡು ಮೂರು ವಾರ ನೊಗ ಹೂಡಬಾರದು, ಗಾಯಕ್ಕೆ ನೊಣ ಕೂರದಂತೆ ನೋಡಿಕೊಳ್ಳಬೇಕು, ಅಷ್ಟೇ. ಆದರೆ ಹದಿಮೂರು ದಾಟಿದ ಎತ್ತು ಅಂದಾಗ ಇನ್ನೊಂದು ಸಾಧ್ಯತೆಯನ್ನೂ ಹೇಳಬೇಕು. ಕೀಲು ಸವೆದು ವಾತ ಆಗಿದ್ದರೂ ಬೆಳಗಿನ ಬಿಗಿತ ಇರುತ್ತದೆ. ಆಗ ಕೀಲಿನ ಸುತ್ತ ಊತ ಇರುತ್ತದೆ. ಏಳಲು, ಮಲಗಲು ಒದ್ದಾಡುತ್ತದೆ, ಕಾಲು ಸೆಟೆಯುವುದಿಲ್ಲ. ಅದನ್ನು ಪೂರಾ ವಾಸಿ ಮಾಡಲು ಆಗದು. ನೋವು ಕಡಿಮೆ ಮಾಡಬಹುದು.

ಬರೆ ಮಾತ್ರ ಬೇಡ. ಬರೆ ಹಾಕಿದ ಮೇಲೆ ಕುಂಟುವುದು ಕಡಿಮೆಯಾಯ್ತು ಅಂತ ಹೇಳುವವರು ಸುಳ್ಳು ಹೇಳುತ್ತಿಲ್ಲ. ಈ ತೊಂದರೆ ತಾನಾಗೇ ಬಂದು ತಾನಾಗೇ ಹೋಗುವಂಥದ್ದು. ಕಡಿಮೆಯಾಗುವ ಹೊತ್ತಿಗೆ ಬರೆ ಬಿದ್ದಿದ್ದರೆ ಹೆಸರು ಬರೆಗೆ ಬರುತ್ತದೆ. ಕಾದ ಕಬ್ಬಿಣ ಚರ್ಮವನ್ನಷ್ಟೇ ಸುಡುತ್ತದೆ, ಒಳಗಿನ ಕಟ್ಟಿಗೆ ಏನೂ ಆಗುವುದಿಲ್ಲ. ಸುಟ್ಟ ಜಾಗ ಕೀವಾಗಿ ಹುಳ ಬಿದ್ದು, ಕಾಲಿನ ನೋವಿಗಿಂತ ದೊಡ್ಡ ನೋವು ಹಚ್ಚಿಕೊಂಡು ನಮ್ಮ ಹತ್ತಿರ ಬಂದ ಎತ್ತುಗಳಿಗೆ ಲೆಕ್ಕವಿಲ್ಲ.

ಈಗ ನೀವು ಕೇಳಿದ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಮಾರುವುದು ತಪ್ಪಾ?

ಮೊದಲು ಅಣ್ಣನ ಕಡೆಯಿಂದ ನೋಡೋಣ. ಅವರನ್ನು ಕಲ್ಲುಮನಸ್ಸಿನವರು ಅಂತ ನಾನು ಅಂದುಕೊಳ್ಳುವುದಿಲ್ಲ. ನಿಂತ ಎತ್ತು ಕೂಡ ದಿನಕ್ಕೆ ಎಂಟು ಹತ್ತು ಕಿಲೊ ಒಣಮೇವು ತಿನ್ನುತ್ತದೆ. ವರ್ಷಕ್ಕೆ ಮೂರು, ಮೂರೂವರೆ ಟನ್ ಆಯ್ತು. ಜೋಡಿ ಅಂದರೆ ಆರು ಏಳು ಟನ್. ಮೊದಲು ನಮ್ಮ ಎರಿ (ಕಪ್ಪು ಮಣ್ಣಿನ) ಹೊಲದಲ್ಲಿ ಆಳೆತ್ತರದ ಬಿಳಿಜೋಳ ಬೆಳೆಯುತ್ತಿತ್ತು, ಕಣಿಕೆಯ, ಅಂದರೆ ಒಣ ಜೋಳದ ದಂಟಿನ, ಬಣವೆ ಮನೆ ಮುಂದೆ ಇರುತ್ತಿತ್ತು. ಈಗ ನೀರು ಬಂದ ಕಡೆ ಕಬ್ಬು, ಬರದ ಕಡೆ ತೊಗರಿ. ಕಣಿಕೆಯನ್ನು ರೊಕ್ಕ ಕೊಟ್ಟು ತರಬೇಕು, ಬರಗಾಲದ ವರ್ಷ ಅದೂ ಸಿಗುವುದಿಲ್ಲ. ಸಾಲ ಮಾಡಿ ಟ್ರ್ಯಾಕ್ಟರ್ ತಂದವರಿಗೆ ಕಂತಿನ ಭಾರವೂ ಇದೆ. ನೌಕರಿ ಮೇಲೆ ಊರು ಬಿಟ್ಟವರಿಗೆ ಮರುಕ ಪಡುವುದು ಸುಲಭ. ದಿನಾ ಸಗಣಿ ಬಾಚುವವರು, ಮೇವು ಹಾಕುವವರು ಅಣ್ಣ, ವೈನಿ. ಇದನ್ನು ನಿಮಗೆ ಬೇಸರವಾಗಲಿ ಅಂತ ಹೇಳುತ್ತಿಲ್ಲ. ಎತ್ತುಗಳನ್ನು ಉಳಿಸಿಕೊಳ್ಳಬೇಕು ಅನ್ನುವವರು ಖರ್ಚಿನಲ್ಲಿ ಪಾಲು ಹಿಡಿಯಬೇಕು.

ಆದರೆ "ದಲ್ಲಾಳಿ ರೈತರಿಗೇ ಕೊಡುತ್ತಾನೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸಂತೆಯಲ್ಲಿ ಎತ್ತು ಕೊಳ್ಳುವ ರೈತ ಮೊದಲು ಬಾಯಿ ತೆರೆದು ಹಲ್ಲು ನೋಡುತ್ತಾನೆ. ಐದು ವರ್ಷದ ಹೊತ್ತಿಗೆ ಎತ್ತು ಬಾಯಿಗೂಡಿರುತ್ತದೆ, ಅಂದರೆ ಎಲ್ಲ ಹಲ್ಲೂ ಬಂದಿರುತ್ತವೆ. ಹದಿಮೂರಕ್ಕೆ ಹಲ್ಲು ಸವೆದು ಮೊಂಡಾಗಿ ನಡುವೆ ಸಂದು ಬಿದ್ದಿರುತ್ತದೆ. ಅಂಥ ಎತ್ತನ್ನು, ಅದರಲ್ಲೂ ಕಾಲು ಎಳೆಯುವುದನ್ನು, ಯಾವ ಸಣ್ಣ ರೈತ ದುಡಿಮೆಗೆ ಕೊಳ್ಳುತ್ತಾನೆ? ಆದರೂ ಯಾರೋ ರೊಕ್ಕ ಕೊಡುತ್ತಾರೆ ಅಂದರೆ ಅವರು ಏನನ್ನು ಕೊಳ್ಳುತ್ತಿದ್ದಾರೆ ಅಂತ ಅಣ್ಣ ಒಮ್ಮೆ ಯೋಚಿಸಲಿ. ಅದು ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದಕ್ಕೇ ನಮ್ಮಲ್ಲಿ ದಲ್ಲಾಳಿಯ ಮಾತು ಉಪಯೋಗಕ್ಕೆ ಬರುತ್ತದೆ.

ಕಾನೂನಿನ ವಿಷಯವೂ ಇದೆ. ಕರ್ನಾಟಕದ 1964ರ ಗೋಹತ್ಯೆ ತಡೆ ಕಾಯ್ದೆಯಲ್ಲಿ 12 ವರ್ಷ ಮೀರಿದ ಅಥವಾ ದುಡಿಯಲಾರದ ಎತ್ತಿಗೆ ಪ್ರಮಾಣಪತ್ರದ ಮೇಲೆ ವಧೆಗೆ ಅವಕಾಶ ಇತ್ತು. 2021ರ ಜನವರಿಯಿಂದ ಜಾರಿಯಾದ ಹೊಸ ಕಾಯ್ದೆಯಲ್ಲಿ ಹಸು, ಕರು, ಹೋರಿ, ಎತ್ತು ಯಾವ ವಯಸ್ಸಿನದಾದರೂ ವಧೆ ಮಾಡುವಂತಿಲ್ಲ, ವಧೆಗೆಂದು ಮಾರುವಂತಿಲ್ಲ, ಸಾಗಿಸುವಂತಿಲ್ಲ. ವಯಸ್ಸಿನ ಆಧಾರದ ವಿನಾಯಿತಿ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ. ವಧೆ ಮಾಡಿದರೆ ಮೂರರಿಂದ ಏಳು ವರ್ಷ ಜೈಲು ಆಗಬಹುದು. ಈ ಕಾಯ್ದೆ ಸರಿಯೋ ತಪ್ಪೋ ಎಂಬ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ಪಶುವೈದ್ಯನಾಗಿ ನನಗೆ ಕಾಣುವುದು ಇಷ್ಟು: ವಧೆ ಮಾಡಬೇಡಿ ಅನ್ನುವ ಕಾಯ್ದೆ ಮುದಿ ಎತ್ತಿನ ಗೋದಲಿಗೆ ಮೇವು ಹಾಕುವುದಿಲ್ಲ. ಆ ಹೊರೆ ರೈತನ ತಲೆ ಮೇಲೇ ಉಳಿದಿದೆ. ಜೊತೆಗೆ, ಕದ್ದು ಸಾಗಿಸುವಾಗ ಎತ್ತಿನ ಗೋಳು ಇನ್ನೂ ಹೆಚ್ಚು. 1978ರ ಸಾಗಣೆ ನಿಯಮದಂತೆ ಒಂದು ಲಾರಿಯಲ್ಲಿ ಆರಕ್ಕಿಂತ ಹೆಚ್ಚು ದನ ಹಾಕಬಾರದು, ಪಶುವೈದ್ಯರ ಪ್ರಮಾಣಪತ್ರ ಬೇಕು. ಪೊಲೀಸರು ತಡೆದ ಲಾರಿಗಳ ಹಲಗೆ ಇಳಿಸಿದಾಗ ನಾನು ಕಂಡದ್ದು ಬೇರೆ. ಕಾಲ ಕೆಳಗೆ ಬಿದ್ದು ತುಳಿತಕ್ಕೆ ಸಿಕ್ಕ ಎತ್ತುಗಳು, ಮುರಿದ ಬಾಲ, ಕಣ್ಣಿಗೆ ಹಚ್ಚಿದ ಖಾರ. ಬಿದ್ದ ಎತ್ತು ಏಳಲಿ ಅಂತ ಹಾಗೆ ಮಾಡುತ್ತಾರೆ.

ಕಾಕಾ ಹೇಳಿದ ದಾರಿ ಕೇಳಲು ಪುಣ್ಯದ್ದು. ದೇವರಿಗೆ ಬಿಟ್ಟ ಬಸವನನ್ನು ಊರೆಲ್ಲ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಅದಕ್ಕೆ ಅರ್ಥ ಇತ್ತು. ದನ ಮೇಯಲು ಬೀಡು (ಬೀಳುಭೂಮಿ) ಇತ್ತು, ಗೋಮಾಳ ಇತ್ತು, ಯಾರ ಅಂಗಳಕ್ಕೆ ಬಂದರೂ ಒಂದು ಹಿಡಿ ಕಾಳು ಸಿಗುತ್ತಿತ್ತು. ಇವತ್ತು ಗುಡಿ ಮುಂದೆ ಬಿಟ್ಟು ಬಂದ ಎತ್ತು ನಾಲ್ಕು ದಿನದಲ್ಲಿ ಯಾರದೋ ತೊಗರಿ ಹೊಲಕ್ಕೆ ನುಗ್ಗಿ ಕೊಡಲಿ ಏಟು ತಿನ್ನುತ್ತದೆ. ಇಲ್ಲವೇ ವಿಜಯಪುರದ ಮಾರ್ಕೆಟ್ಟಿನ ಕಸದ ಗುಡ್ಡೆಗೆ ಸೇರುತ್ತದೆ. ಬೀದಿ ದನದ ಹೊಟ್ಟೆ ಕೊಯ್ದಾಗ ಹೊರಗೆ ಬರುವುದು ಪ್ಲಾಸ್ಟಿಕ್ ಚೀಲ, ಹಗ್ಗ, ಮೊಳೆ, ಎಲ್ಲ ಒಂದಕ್ಕೊಂದು ಹೆಣೆದುಕೊಂಡ ಮುದ್ದೆ, ಬುಟ್ಟಿ ತುಂಬ. ಸೊಲ್ಲಾಪುರ-ಹುಬ್ಬಳ್ಳಿ ಹೆದ್ದಾರಿಯಲ್ಲಿ ರಾತ್ರಿ ಮಲಗಿದ ದನಕ್ಕೆ ಲಾರಿ ಬಡಿದರೆ ದನವೂ ಹೋಗುತ್ತದೆ, ಬೈಕ್ ಸವಾರರೂ ಹೋಗುತ್ತಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅಪರಾಧ. ಮೊದಲ ಸಲದ ದಂಡ 10ರಿಂದ 50 ರೂಪಾಯಿ. ಅಂದಿನ ಮೊತ್ತವೇ ಇಂದಿಗೂ ಇದೆ. ದಂಡಕ್ಕೆ ಹೆದರಿ ಅಲ್ಲ, ಎತ್ತಿನ ಮುಖ ನೋಡಿ ಈ ದಾರಿ ಬಿಡಿ.

ಕುರಿ, ಕೋಳಿ ತಿನ್ನುವ ಮನೆಯವರಿಗೆ ಎತ್ತಿನ ಮೇಲೆ ಮಾತ್ರ ಯಾಕೆ ಮರುಕ ಎಂಬುದು ಅಣ್ಣನ ಪ್ರಶ್ನೆ. ಇದು ಸುಮ್ನೆ ಬಾಯಿ ಮುಚ್ಚಿಸಲು ಕೇಳಿದ್ದಾದರೂ ಒಳ್ಳೆಯ ಪ್ರಶ್ನೆ. ನಾನು ಹೀಗೆ ಉತ್ತರಿಸುತ್ತೇನೆ. ಎತ್ತಿಗೆ ಆಗುವ ನೋವು, ಹೆದರಿಕೆ ಕುರಿಗೂ ಆಗುತ್ತದೆ, ಕೋಳಿಗೂ ಆಗುತ್ತದೆ. ನರಗಳಲ್ಲಿ ಅಂಥ ಭೇದ ಇಲ್ಲ. ಸಂತೆಯಿಂದ ಬೈಕಿಗೆ ಕಾಲು ಕಟ್ಟಿ ತಲೆಕೆಳಗಾಗಿ ತೂಗುಹಾಕಿದ ಕೋಳಿಗಳು ದಾರಿ ತುಂಬ ರೆಕ್ಕೆ ಬಡಿಯುತ್ತ ಬರುವುದನ್ನು ನಾವೆಲ್ಲ ನೋಡಿದ್ದೇವೆ, ಯಾರೂ ಏನೂ ಅನ್ನುವುದಿಲ್ಲ. ಹಾಗಾಗಿ ಅಣ್ಣನ ಪ್ರಶ್ನೆಯಿಂದ ಎತ್ತಿನ ಋಣ ಕಡಿಮೆಯಾಗುವುದಿಲ್ಲ, ಕೋಳಿ ಕುರಿಯ ಬಗ್ಗೆ ನಮ್ಮ ಹೊಣೆ ಹೆಚ್ಚುತ್ತದೆ. ತಿನ್ನುವವರೂ ಸಾಕುವಾಗ, ಸಾಗಿಸುವಾಗ, ಕೊಲ್ಲುವಾಗ ನೋವು ಕಡಿಮೆ ಮಾಡಬಹುದು. ಎತ್ತಿನ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಅದು ಹತ್ತು ವರ್ಷ ನಿಮ್ಮ ದನಿ ಕೇಳಿ ನಡೆದಿದೆ, ಎಡಗೋಲು ಬಲಗೋಲು ತಿಳಿದುಕೊಂಡಿದೆ, ಮನೆಯವರನ್ನು ನಂಬಲು ಕಲಿತಿದೆ. ಆ ನಂಬಿಕೆ ಕಲಿಸಿದವರು ನಾವು. ಅಪರಿಚಿತ ಲಾರಿ ಹತ್ತುವಾಗ ಅದು ತಿರುಗಿ ನೋಡುವುದು ನಮ್ಮನ್ನೇ.

ಎತ್ತಿಗೆ ಪಾಪ ಪುಣ್ಯ ಗೊತ್ತಿಲ್ಲ. ಮುಂದಿನ ವರ್ಷದ ಚಿಂತೆ ಇಲ್ಲ. ಹಸಿವು, ನೋವು, ಭಯ, ಜೊತೆಗಾರ ಇದ್ದಾನೋ ಇಲ್ಲವೋ, ಇಷ್ಟು ಗೊತ್ತು. ಹಾಗಾಗಿ ನಿಮ್ಮ ಮುಂದಿರುವ ಪ್ರತಿ ದಾರಿಯನ್ನೂ ಈ ನಾಲ್ಕರಿಂದ ಅಳೆಯಿರಿ.

ಮನೆಯಲ್ಲೇ ಇಟ್ಟುಕೊಳ್ಳುವುದು ನನ್ನ ಮೊದಲ ಸಲಹೆ. ಖಿಲಾರಿ ಎತ್ತು ಚೆನ್ನಾಗಿ ನೋಡಿಕೊಂಡರೆ ಇನ್ನೂ ಐದಾರು ವರ್ಷ ಬದುಕಬಹುದು. ಹಲ್ಲು ಸವೆದಿರುವುದರಿಂದ ಕಣಿಕೆಯನ್ನು ಇಡಿಯಾಗಿ ಹಾಕಬೇಡಿ, ಕತ್ತರಿಸಿ, ನೀರು ಚಿಮುಕಿಸಿ ಮಿದು ಮಾಡಿ ಕೊಡಿ. ದುಡಿಯುವಾಗಿನಷ್ಟು ಹಿಂಡಿ ಬೇಡ, ಆದರೆ ಪೂರಾ ನಿಲ್ಲಿಸಲೂ ಬೇಡಿ. ಕಬ್ಬಿನ ಸೋಗೆ ಪುಕ್ಕಟೆ ಸಿಗುತ್ತದೆ ಅಂತ ಅದನ್ನೇ ಹಾಕಿದರೆ ಮೈಯಲ್ಲಿನ ಸುಣ್ಣದ ಅಂಶ ಸೋರಿಹೋಗುತ್ತದೆ, ಖನಿಜದ ಪುಡಿ ಕೊಡಬೇಕು. ಬೇಸಿಗೆಯಲ್ಲಿ ದಿನಕ್ಕೆ ನಲವತ್ತರಿಂದ ಅರವತ್ತು ಲೀಟರ್ ನೀರು. ಗಾಡಿ ಕೆಲಸ ಇಲ್ಲದಿದ್ದರೆ ನಾಲು (ಲಾಳ) ತೆಗೆಸಿ, ಬೆಳೆದ ಗೊರಸು ಕತ್ತರಿಸಿ. ಮಲಗುವ ಜಾಗದ ಹಾಸುಗಲ್ಲು ಎತ್ತಿಸಿ ಮಣ್ಣು ಹಾಕಿಸಿ, ಮುದಿ ಎತ್ತಿಗೆ ಏಳುವಾಗ ಜಾರಬಾರದು. ಇಡೀ ದಿನ ಗೂಟಕ್ಕೆ ಕಟ್ಟಬೇಡಿ. ನಡೆದಾಡಿದಷ್ಟೂ ಕೀಲು ಹಗುರ. ಸಗಣಿಯಿಂದ ಖರ್ಚು ಪೂರಾ ಹುಟ್ಟುತ್ತದೆ ಅಂತ ಹೇಳುವವರಿದ್ದಾರೆ. ಅಷ್ಟು ಹುಟ್ಟುವುದಿಲ್ಲ. ಆದರೆ ಎರಡು ಎತ್ತಿನಿಂದ ವರ್ಷಕ್ಕೆ ಹತ್ತಿರ ಹತ್ತಿರ ಎಂಟು ಟನ್ ಹಸಿ ಸಗಣಿ ಬರುತ್ತದೆ. ಗೊಬ್ಬರ ಕೊಳ್ಳುವವರಿಗೆ ಅದರ ಬೆಲೆ ಗೊತ್ತು. ಎಡೆ ಹೊಡೆಯುವ ಹಗುರ ಕೆಲಸ, ಕಾಲು ವಾಸಿಯಾದ ಮೇಲೆ, ತಂಪು ಹೊತ್ತಿನಲ್ಲಿ ಮಾಡಿಸಬಹುದು. ಅದರಿಂದ ಎತ್ತಿಗೆ ಒಳ್ಳೆಯದೇ.

ನೋವಿನ ಔಷಧದ ಬಗ್ಗೆ ಒಂದು ಎಚ್ಚರಿಕೆ. ವಾತ ಅಂತ ಗೊತ್ತಾದರೆ ವೈದ್ಯರು ಮೆಲೋಕ್ಸಿಕಾಮ್ ಬರೆಯುತ್ತಾರೆ. ಮೆಡಿಕಲ್ ಅಂಗಡಿಯಿಂದ ಮನುಷ್ಯರ ಡೈಕ್ಲೋಫೆನಾಕ್ ತಂದು ಚುಚ್ಚಬೇಡಿ. ಆ ಔಷಧ ಬಿದ್ದ ದನದ ಹೆಣ ತಿಂದು ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತು ಅಳಿವಿನ ಅಂಚಿಗೆ ಬಂದವು. ಅದಕ್ಕೇ 2006ರಲ್ಲಿ ದನಗಳಿಗೆ ಅದನ್ನು ನಿಷೇಧಿಸಿದರು. ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್ ಕೂಡ 2023ರಿಂದ ನಿಷೇಧ. ಒಂದು ಎತ್ತಿನ ನೋವು ಇಳಿಸಲು ಹೋಗಿ ಇನ್ನೊಂದು ಜೀವಕ್ಕೆ ವಿಷ ಹಾಕಬಾರದು ಅಲ್ವಾ.

ಗುರುತಿನ ರೈತರಿಗೆ ಕೊಡುವುದು ಎರಡನೆಯ ದಾರಿ. ಒಂದೆರಡು ಎಕರೆಯ, ಟ್ರ್ಯಾಕ್ಟರ್ ಬಾಡಿಗೆ ಕೊಡಲಾಗದ ಸಂಬಂಧಿಕರು ಯಾರಾದರೂ ಇದ್ದರೆ ನೋಡಿ. ರೊಕ್ಕ ತೆಗೆದುಕೊಳ್ಳದೆ ಕೊಟ್ಟರೆ "ಬೇಡವಾದಾಗ ನಮಗೇ ತಿರುಗಿ ಕೊಡಿ" ಅಂತ ಕೇಳುವ ಹಕ್ಕು ಉಳಿಯುತ್ತದೆ. ರಾಜಾನ ಕೋಡಿನ ವಿಷಯ ಮುಚ್ಚಿಟ್ಟು ಕೊಡಬೇಡಿ. ಇದರಲ್ಲಿ ಅಪಾಯ ಕಬ್ಬಿನ ಹಂಗಾಮಿನದು. ಮುಧೋಳ, ಜಮಖಂಡಿ, ಅಥಣಿ ಕಡೆ ಕಾರ್ಖಾನೆ ಶುರುವಾದರೆ ಎತ್ತಿನ ಗಾಡಿಗೆ ಕೈತುಂಬ ಕೆಲಸ. ಮುದಿ ಎತ್ತಿಗೆ ಆ ಹೇರು ಎಳೆಯುವುದು ಆಗದ ಮಾತು. ದಿನಕ್ಕೆ ಒಂಬತ್ತು ತಾಸಿಗಿಂತ ಹೆಚ್ಚು ದುಡಿಸಬಾರದು, ಬಿಸಿಲು 37 ಡಿಗ್ರಿ ದಾಟಿದರೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಬಾರದು, ಮೊಳೆ ಇರುವ ಬಾರುಕೋಲು ಬಳಸಬಾರದು ಅಂತ 1965ರ ನಿಯಮವೇ ಇದೆ. ಪಾಲಿಸುವವರು ಕಡಿಮೆ. ಕೊಡುವ ಮೊದಲೇ "ಕಬ್ಬಿನ ಗಾಡಿಗೆ ಹೂಡುವಂತಿಲ್ಲ" ಅಂತ ಬಾಯಿ ಬಿಟ್ಟು ಹೇಳಿ.

ಗೋಶಾಲೆ ಮೂರನೆಯದು. ಒಳ್ಳೆಯ ಗೋಶಾಲೆಗಳಿವೆ, ಹೆಸರಿಗೆ ಮಾತ್ರ ಇರುವವೂ ಇವೆ. ಸುದ್ದಿ ಕೊಡದೆ ಮಧ್ಯಾಹ್ನದ ಹೊತ್ತು ಹೋಗಿ ನೋಡಿ. ನೀರಿನ ತೊಟ್ಟಿಯಲ್ಲಿ ಪಾಚಿ ಇದೆಯಾ, ದನಗಳ ಪಕ್ಕೆಲುಬು ಎಣಿಸಲು ಬರುತ್ತದೆಯಾ, ನೆರಳು ಎಲ್ಲಕ್ಕೂ ಸಾಕಾಗುತ್ತದೆಯಾ, ಸತ್ತ ದನದ ದಾಖಲೆ ಇಟ್ಟಿದ್ದಾರಾ ಅಂತ ನೋಡಿ. ಆಗಾಗ ಬಂದು ನೋಡಲು ಬಿಡದ ಜಾಗಕ್ಕೆ ಕೊಡಬೇಡಿ. ಕೊಟ್ಟು ಕೈ ತೊಳೆದುಕೊಳ್ಳುವುದೂ ಬೇಡ, ಖರ್ಚು ಕಳಿಸಿ. 2022ರಲ್ಲಿ ಸರ್ಕಾರ ಪುಣ್ಯಕೋಟಿ ದತ್ತು ಯೋಜನೆ ತಂದಾಗ ಒಂದು ರಾಸಿಗೆ ವರ್ಷಕ್ಕೆ 11,000 ರೂಪಾಯಿ ಅಂತ ನಿಗದಿ ಮಾಡಿತ್ತು. ದಿನಕ್ಕೆ ಮೂವತ್ತು ರೂಪಾಯಿ ಆಯ್ತು. ದೊಡ್ಡ ಎತ್ತಿನ ಹೊಟ್ಟೆಗೆ ಅದು ಸಾಲದು, ಆದರೂ ಕನಿಷ್ಠ ಲೆಕ್ಕಕ್ಕೆ ಒಂದು ಆಧಾರ.

ಕೊಡುವುದಾದರೆ ಎರಡನ್ನೂ ಒಂದೇ ಕಡೆ ಕೊಡಿ. ವರ್ಷಗಟ್ಟಲೆ ಒಂದೇ ನೊಗಕ್ಕೆ ಹೂಡಿದ ಎತ್ತುಗಳನ್ನು ಅಗಲಿಸಿದರೆ ಉಳಿದದ್ದು ಬಾಗಿಲ ಕಡೆ ಮುಖ ಮಾಡಿ ಒದರುತ್ತದೆ, ಕೆಲವು ದಿನ ಗೋದಲಿಗೆ ಬಾಯಿ ಹಾಕುವುದಿಲ್ಲ. ಮಲಗುವಾಗಲೂ ತನ್ನ ಮಗ್ಗುಲು ಬಿಟ್ಟು ಜೊತೆಗಾರನ ಜಾಗ ಖಾಲಿ ಇಡುತ್ತದೆ. ಇದನ್ನು ಒಕ್ಕಲಿಗರು ನನಗಿಂತ ಚೆನ್ನಾಗಿ ಬಲ್ಲರು.

ಕೊನೆಯ ದಾರಿ ಹೇಳಲು ಕಷ್ಟ, ಆದರೆ ಹೇಳದೆ ಬಿಟ್ಟರೆ ನಿಮಗೆ ಮೋಸ ಮಾಡಿದಂತೆ. ರಾಜಾನಿಗೆ ಕ್ಯಾನ್ಸರ್ ಇದ್ದು ಹಣೆಯೊಳಗೆ ಹರಡಿದ್ದರೆ, ಅಥವಾ ಮುಂದೊಂದು ದಿನ ಸರ್ಜಾ ಬಿದ್ದವನು ಏಳದೆ ಮೈಯೆಲ್ಲ ಹುಣ್ಣಾದರೆ, ನರಳಾಟ ನಿಲ್ಲಿಸುವ ಸೂಜಿಯ ಬಗ್ಗೆ ವೈದ್ಯರ ಹತ್ತಿರ ಮಾತಾಡಿ. 1960ರ ಕಾಯ್ದೆಯಲ್ಲೇ, ಬದುಕಿಸುವುದೇ ಹಿಂಸೆ ಅನ್ನುವ ಸ್ಥಿತಿಗೆ ಬಂದ ಪ್ರಾಣಿಗೆ ಮುಕ್ತಿ ಕೊಡಲು ದಾರಿ ಇದೆ. ಎತ್ತಿನ ವಿಷಯದಲ್ಲಿ ಇದನ್ನು ಸರ್ಕಾರಿ ಪಶುವೈದ್ಯರೇ ಪರೀಕ್ಷಿಸಿ, ಬರವಣಿಗೆಯಲ್ಲಿ ದಾಖಲಿಸಿ ತೀರ್ಮಾನಿಸಬೇಕು. ಮನೆಯವರು ತಾವೇ ಏನನ್ನೂ ಮಾಡಬಾರದು. ಮೊದಲು ಮಂಪರಿನ ಸೂಜಿ ಕೊಡುತ್ತಾರೆ, ಎತ್ತು ನಿದ್ದೆ ಹೋದ ಮೇಲೆ ಇನ್ನೊಂದು. ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಆಳದ ಗುಂಡಿ ತೋಡಿ, ಬಾವಿಯಿಂದ ದೂರ, ಹೂಳಬೇಕು. ನಾಯಿ, ಹಕ್ಕಿ ಮುಟ್ಟಬಾರದು. ಇದು ಪಾಪ ಅಂತ ಅಪ್ಪ ಅನ್ನಬಹುದು. ಅವರ ಜೊತೆ ವಾದ ಮಾಡಬೇಡಿ. ಹುಳ ಬಿದ್ದ ಹಣೆಯ ಎತ್ತಿನ ಹತ್ತಿರ ಒಂದು ರಾತ್ರಿ ಕೂತವರು ತಾವೇ ಕೇಳುತ್ತಾರೆ, ಡಾಕ್ಟರ್ರೇ ಏನಾದ್ರೂ ಮಾಡ್ರಿ ಅಂತ.

ಈ ವಾರ ಮಾಡಬೇಕಾದದ್ದು ಹೇಳುತ್ತೇನೆ. ಮಾರುವ ಮಾತು ಸದ್ಯ ಬದಿಗಿಡಿ. ಬೆಳಗ್ಗೆ ಸರ್ಜಾ ಮಲಗಿದ್ದಾಗಲೇ ಅಣ್ಣ ಮೊಬೈಲ್ ಹಿಡಿದು ನಿಲ್ಲಲಿ. ಏಳುವುದು, ಮೊದಲ ಹತ್ತು ಹೆಜ್ಜೆ, ಪಕ್ಕದಿಂದ ಒಮ್ಮೆ, ಹಿಂದಿನಿಂದ ಒಮ್ಮೆ ವಿಡಿಯೋ ಮಾಡಲಿ. ಆಸ್ಪತ್ರೆಗೆ ನಡೆಸಿಕೊಂಡು ಬರುವಷ್ಟರಲ್ಲಿ ಕಾಲು ಸರಿಹೋಗಿರುತ್ತದೆ, ವೈದ್ಯರಿಗೆ ಏನೂ ಕಾಣುವುದಿಲ್ಲ, ಅದಕ್ಕೇ ವಿಡಿಯೋ ಬೇಕು. ರಾಜಾನ ಮುಖವನ್ನು ಎದುರಿನಿಂದ, ಎರಡೂ ಕೋಡಿನ ಬುಡ ಕಾಣುವಂತೆ, ಫೋಟೊ ತೆಗೆಯಲಿ. ರಕ್ತ ಬಂದದ್ದು ಎಡ ಹೊಳ್ಳೆಯೋ ಬಲ ಹೊಳ್ಳೆಯೋ ಅಂತ ಬರೆದಿಟ್ಟುಕೊಳ್ಳಿ. ಇಷ್ಟು ತೆಗೆದುಕೊಂಡು ಬಸವನಬಾಗೇವಾಡಿಯ ತಾಲ್ಲೂಕು ಪಶು ಆಸ್ಪತ್ರೆಗೆ ಹೋಗಲಿ, ಇಲ್ಲವೇ 1962ಕ್ಕೆ ಫೋನ್ ಮಾಡಿದರೆ ಪಶು ಆಂಬುಲೆನ್ಸ್ ಊರಿಗೇ ಬರುತ್ತದೆ. ಕೋಡಿನ ಆಪರೇಷನ್ ಅಲ್ಲಿ ಆಗದಿದ್ದರೆ ವಿಜಯಪುರದ ಜಿಲ್ಲಾ ಪಶು ಆಸ್ಪತ್ರೆಗೆ ಬರೆದುಕೊಡಲು ಕೇಳಿ. ನೀವು ಒಂದು ದಿನ ರಜೆ ಹಾಕಿ ಜೊತೆಗೆ ಹೋಗಿ. ಖಿಲಾರಿ ಎತ್ತು ಹೊಸಬರಿಗೆ ಹಾಯುತ್ತದೆ, ಹಿಡಿಯಲು ಅಪ್ಪನೇ ಬೇಕಾಗುತ್ತದೆ, ಅವರನ್ನೂ ಕರೆದುಕೊಂಡು ಹೋಗಿ.